ಚಿಮಣಿಗೆ ಬೆಂಕಿ ಹತ್ತದಂತೆ ನಾನು ಮಾಡಿಕೊಂಡ ಮಾನಿಟರ್

ಅಮೆರಿಕದ ವರ್ಮಾಂಟ್‌ನ ಚಳಿಗಾಲದಲ್ಲಿ ನಮ್ಮ ಮನೆ ಬೆಚ್ಚಗಿರುವುದು ಕಟ್ಟಿಗೆ ಒಲೆಯಿಂದ. ಚಿಮಣಿಗೆ ಬೆಂಕಿ ಹತ್ತಿತು ಅಂದರೆ ಎಲ್ಲರೂ ಜೋರು ಉರಿಯನ್ನೇ ದೂರುತ್ತಾರೆ. ಆದರೆ ಆ ಬೆಂಕಿಗೆ ಬೇಕಾದ ಸರಕು ಸೇರುವುದು ಉರಿ ಮಂದವಾಗಿದ್ದಾಗ. ಗಾಳಿಕಿಂಡಿ ಮುಚ್ಚಿ, ರಾತ್ರಿಯಿಡೀ ಕಟ್ಟಿಗೆ ಹೊಗೆಯಾಡಲು ಬಿಟ್ಟರೆ ಹೊಗೆ ತಣ್ಣಗಾಗಿ ಕೊಳವೆಯ ಒಳಗೆ ಕ್ರಿಯೊಸೋಟ್ ಅಂಟಿಕೊಳ್ಳುತ್ತದೆ, ಡಾಂಬರಿನ ಹಾಗೆ. ಮುಂದೆ ಯಾವತ್ತೋ ಜೋರಾಗಿ ಉರಿ ಹಾಕಿದಾಗ ಅದು ಹೊತ್ತಿಕೊಳ್ಳುತ್ತದೆ. ಅದಕ್ಕೇ ನನಗೆ ಬಿಸಿ ಕಡಿಮೆಯಾದಾಗಲೂ ಎಚ್ಚರಿಸುವ ಅಲಾರಂ ಬೇಕಿತ್ತು.

ಸಾಮಾನು ಹೆಚ್ಚೇನಿಲ್ಲ. ಒಂದು ಕೆ ಟೈಪ್ ಥರ್ಮೋಕಪಲ್ (ಬಿಸಿ ಅಳೆಯುವ ಲೋಹದ ಕಡ್ಡಿ, ಅಂದರೆ ಪ್ರೋಬ್), ಅದರ ಸಂಕೇತವನ್ನು ಡಿಗ್ರಿಯಾಗಿ ಓದುವ ಮ್ಯಾಕ್ಸ್31855 ಬೋರ್ಡ್, ಪ್ರೋಗ್ರಾಂ ಓಡಿಸುವ ಪುಟ್ಟ ಕಂಪ್ಯೂಟರ್ ಚಿಪ್ ಇಎಸ್‌ಪಿ32, ಒಂದು ಬಜರ್, ಎರಡು ದೀಪ. ಪ್ರೋಬನ್ನು ಒಲೆಯಿಂದ ಒಂದೂವರೆ ಅಡಿ ಮೇಲೆ, ಒಂಟಿ ಗೋಡೆಯ ಕೊಳವೆಯೊಳಗೆ ಕೂರಿಸಿದೆ. ಅನ್‌ಗ್ರೌಂಡೆಡ್ ಪ್ರೋಬನ್ನೇ, ಅಂದರೆ ಒಳಗಿನ ತಂತಿ ಹೊರಗಿನ ಲೋಹದ ಕವಚಕ್ಕೆ ತಾಗದಿರುವುದನ್ನೇ ಕೊಳ್ಳಿ. ಇನ್ನೊಂದು ನಮೂನೆಯದು ಲೋಹದ ಕೊಳವೆಗೆ ತಾಗಿ, ಮ್ಯಾಕ್ಸ್31855 ಸುಮ್ನೆ ದೋಷ ತೋರಿಸುತ್ತದೆ. ತಂತಿ ಉದ್ದ ಮಾಡಬೇಕಾದರೆ ಕೆ ಟೈಪ್ ತಂತಿಯನ್ನೇ ಬಳಸಬೇಕು, ತಾಮ್ರದ್ದಲ್ಲ. ಬೋರ್ಡ್ ಒಲೆಯ ಝಳ ತಾಗದ ಕಡೆ ಇರಲಿ.

ಪ್ರೋಗ್ರಾಂ ಬರೆಯುವಾಗ ಒಂದು ಕಡೆ ಹುಷಾರಾಗಿರಬೇಕು. ಪ್ರೋಬ್ ಕಡಿದುಹೋದರೆ ಲೈಬ್ರರಿ (ಬೋರ್ಡನ್ನು ಓದುವ ಸಿದ್ಧ ಕೋಡ್) ಸಂಖ್ಯೆಯ ಬದಲು 'ನ್ಯಾನ್' ಕೊಡುತ್ತದೆ, ಅಂದರೆ 'ಇದು ಸಂಖ್ಯೆಯಲ್ಲ'. ನನ್ನ ಅಲಾರಂ ಮಿತಿಗಳು 200 ಮತ್ತು 480 ಡಿಗ್ರಿ. ನ್ಯಾನ್ 480ಕ್ಕಿಂತ ಹೆಚ್ಚಾ ಅಂತ ಕೇಳಿದರೆ ಉತ್ತರ ಅಲ್ಲ. 200ಕ್ಕಿಂತ ಕಡಿಮೆಯಾ ಅಂದರೂ ಅಲ್ಲ. ಅಂದರೆ ಪ್ರೋಬ್ ಸತ್ತರೂ ಅಲಾರಂ ತೆಪ್ಪಗಿರುತ್ತದೆ! ನಾನು ಮೊದಲು ನ್ಯಾನ್ ಬಂತಾ ಅಂತ ನೋಡಿ, ಬಂದಿದ್ದರೆ ಬಜರ್ ಹೊಡೆಸುತ್ತೇನೆ. ಬಾಕಿ ಲೆಕ್ಕವೆಲ್ಲ ಆಮೇಲೆ.

ಒಳಗಿನ ಹೊಗೆ ಸುಮಾರು 200ರಿಂದ 480 ಡಿಗ್ರಿ ಸೆಲ್ಸಿಯಸ್ ಇರಬೇಕು. ಮೇಲಿನ ಮಿತಿ ಸುಲಭ, ದಾಟಿದ ತಕ್ಷಣ ಕೂಗುತ್ತದೆ. ಕೆಳಗಿನದೇ ತಲೆನೋವು. ಬರೀ ಕೆಂಡ ಉಳಿದಾಗಲೂ ಬಿಸಿ ಇಳಿಯುತ್ತದೆ, ಆದರೆ ಆಗ ಹೊಗೆಯೇ ಇರುವುದಿಲ್ಲ ಅಲ್ವಾ? ಹಾಗಾಗಿ ಒಂದು ಗುಂಡಿ ಇಟ್ಟೆ. ಕಟ್ಟಿಗೆ ಹಾಕಿದಾಗ ಒತ್ತುತ್ತೇವೆ. ಅರ್ಧ ಗಂಟೆಯಲ್ಲಿ 200 ದಾಟದಿದ್ದರೆ ಹಳದಿ ದೀಪ ಹತ್ತುತ್ತದೆ. ಆಗ ನಾನು ಗಾಳಿಕಿಂಡಿ ತೆರೆಯುತ್ತೇನೆ. ಅದಕ್ಕೂ ಜಗ್ಗದಿದ್ದರೆ ಕಟ್ಟಿಗೆ ಹಸಿ ಎಂದೇ ಅನುಮಾನ. ಅದರ ತೇವ 20 ಪರ್ಸೆಂಟ್‌ಗಿಂತ ಕಡಿಮೆ ಇರಬೇಕು.

ಇದಿದೆ ಅಂತ ವರ್ಷಕ್ಕೊಮ್ಮೆ ಚಿಮಣಿ ತಪಾಸಣೆ ಮಾಡಿಸುವುದನ್ನು ಬಿಡಬೇಡಿ. ಬೆಂಕಿ ಮೇಲೆಲ್ಲೋ ಹೊತ್ತಿದರೆ ಕೆಳಗಿನ ಪ್ರೋಬ್‌ಗೆ ತಡವಾಗಿ ತಿಳಿಯಬಹುದು. ಬ್ಯಾಟರಿಯನ್ನೂ ಜೋಡಿಸಿಕೊಳ್ಳಿ. ಹಿಮಗಾಳಿಗೆ ಕರೆಂಟ್ ಹೋದಾಗಲೇ ಇಲ್ಲಿ ಒಲೆ ಜಾಸ್ತಿ ಉರಿಯುವುದು.