ಗಾಳಿಗೆ ಬೆನ್ನು ಕೊಟ್ಟು ನಿಂತವನ ಟಿಪ್ಪಣಿ ಪುಸ್ತಕ

ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಕೊಂಡ ಮೊದಲ ವಾರ ನಮ್ಮ ಮನೆಯಲ್ಲಿ ದಿನವೂ ಸಂಜೆ ನಾಲ್ಕಕ್ಕೆ ಚಂಡಮಾರುತ ಬರುತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ನೋಡಿಟ್ಟ ಮುಳ್ಳು ನಾಲ್ಕರ ಹೊತ್ತಿಗೆ ಸುಮಾರು ಮೂರು ಮಿಲಿಬಾರ್ ಕೆಳಗಿಳಿದಿರುತ್ತಿತ್ತು. ಒತ್ತಡ ಇಳಿದರೆ ಬಿರುಗಾಳಿ ಎಂದು ನಂಬಿ ನಾನು ಅಂಗಳಕ್ಕೆ ಓಡಿ ಆಕಾಶ ನೋಡುತ್ತಿದ್ದೆ. ಒಣಗಲು ಹಾಕಿದ ಹಪ್ಪಳ ಒಳಗೆ ತರಬೇಕೇ ಎಂದು ಹೆಂಡತಿ ಕೇಳುತ್ತಿದ್ದಳು. ಮೂರನೆಯ ದಿನದಿಂದ ಕೇಳುವುದನ್ನು ಬಿಟ್ಟಳು.

ಆಮೇಲೆ ತಿಳಿಯಿತು: ನಮ್ಮಂತಹ ಉಷ್ಣವಲಯದಲ್ಲಿ ಗಾಳಿಯ ಒತ್ತಡಕ್ಕೂ ಕಡಲಿನ ಹಾಗೆ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಬೆಳಿಗ್ಗೆ ಹತ್ತು, ರಾತ್ರಿ ಹತ್ತರ ಸುಮಾರಿಗೆ ಏರಿಕೆ. ನಸುಕಿನ ನಾಲ್ಕು, ಸಂಜೆಯ ನಾಲ್ಕಕ್ಕೆ ಇಳಿಕೆ. ಆದ್ದರಿಂದ ಇಂದಿನ ಹತ್ತು ಗಂಟೆಯನ್ನು ನಿನ್ನೆಯ ಹತ್ತು ಗಂಟೆಯೊಂದಿಗೇ ಹೋಲಿಸಬೇಕು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನು ಇಷ್ಟು ಸಣ್ಣ ವಿಷಯವನ್ನು ಒಂದು ವಾರ ಹಪ್ಪಳದ ಮುಂದೆ ಮುಖಭಂಗ ಮಾಡಿಕೊಂಡು ಕಲಿತೆ.

ನಾನಿರುವುದು ಬೈಂದೂರು ತಾಲ್ಲೂಕಿನ ಕಡಲಬದಿಯ ಊರಿನಲ್ಲಿ. ಈ ಹುಚ್ಚು ಹಿಡಿದದ್ದು 2017ರ ಡಿಸೆಂಬರಿನಲ್ಲಿ, ಓಖಿ ಚಂಡಮಾರುತ ಹೋದ ಮೇಲೆ. ಓಖಿ ಕನ್ಯಾಕುಮಾರಿಯ ಹತ್ತಿರ, ದಡದ ಪಕ್ಕದಲ್ಲೇ, ಒಂದು ದಿನದೊಳಗೆ ವಾಯುಭಾರ ಕುಸಿತದಿಂದ ಚಂಡಮಾರುತವಾಗಿ ಬೆಳೆದಿತ್ತು. ಅದಾಗಲೇ ಕಡಲಿಗೆ ಇಳಿದಿದ್ದ ಕೇರಳ, ತಮಿಳುನಾಡಿನ ಮೀನುಗಾರರು ಎಷ್ಟೋ ಮಂದಿ ಮರಳಲಿಲ್ಲ. ನಮ್ಮ ತೀರಕ್ಕೆ ಬಂದದ್ದು ಬರೀ ತೆರೆಗಳು. ಎಲೆಯೂ ಅಲುಗದ ಸಂಜೆ, ದಡಕ್ಕೆ ಮಾತ್ರ ದೊಡ್ಡ ದೊಡ್ಡ ತೆರೆ. ‘ಗಾಳಿಯಿಲ್ಲದೆ ಬಂದ ತೆರೆಗೆ ಎಲ್ಲೋ ಗಾಳಿ ಇರಲೇಬೇಕಲ್ಲ ಮಾಷ್ಟ್ರೇ’ ಎಂದರು ಮೀನುಗಾರಿಕೆ ದೋಣಿ ನಡೆಸುವ ನೆರೆಮನೆಯ ತಾಂಡೇಲರು. ಆ ಮಾತು ಕಿವಿಯಲ್ಲಿ ಉಳಿಯಿತು.

ಅಂದಿನಿಂದ ಇನ್ನೂರು ಪುಟದ ಪುಸ್ತಕದಲ್ಲಿ ನಾಲ್ಕು ಸಂಗತಿ ಬರೆಯುತ್ತಿದ್ದೇನೆ: ಒತ್ತಡ, ಗಾಳಿಯ ದಿಕ್ಕು, ತೆರೆಗಳ ನಡುವಿನ ಸಮಯ, ಉಪಗ್ರಹ ಚಿತ್ರದಲ್ಲಿ ಕಂಡದ್ದು. ತೆರೆಯ ಲೆಕ್ಕಕ್ಕೆ ಬೇಕಾದದ್ದು ಕೈಗಡಿಯಾರ ಮಾತ್ರ. ಒಂದು ತೆರೆ ಮುರಿಯುವಾಗ ಎಣಿಕೆ ಶುರು ಮಾಡಿ ಹತ್ತನೆಯದರ ನಂತರದ್ದು ಮುರಿಯುವಾಗ ನಿಲ್ಲಿಸಿ, ಸೆಕೆಂಡುಗಳನ್ನು ಹತ್ತರಿಂದ ಭಾಗಿಸಬೇಕು. ಮಳೆಗಾಲ ಹಿಡಿಯುವ ಮೊದಲು ನಮ್ಮ ದಡದಲ್ಲಿ ಸಾಮಾನ್ಯವಾಗಿ ಆರರಿಂದ ಎಂಟು ಸೆಕೆಂಡು ಸಿಗುತ್ತದೆ. ಹತ್ತಿರದ ಗಾಳಿ ಎಬ್ಬಿಸಿದ ತೆರೆಗಳು ಗಿಡ್ಡ, ಅವಸರದವು. ದೂರದಿಂದ ಬಂದವು ಉದ್ದನೆಯವು, ನಿಧಾನದವು.

ಈಗ 2021ರ ಮೇ ತಿಂಗಳಿಗೆ, ತೌಕ್ತೆ ಚಂಡಮಾರುತಕ್ಕೆ ಬರುತ್ತೇನೆ. ಕೋವಿಡ್ ಎರಡನೆಯ ಅಲೆಯ ಲಾಕ್‌ಡೌನ್. ಬೆಳಿಗ್ಗೆ ಆರರಿಂದ ಹತ್ತರ ತನಕ ಮಾತ್ರ ಅಂಗಡಿ. ನಾನು ಹಾಲು ತರುವ ನೆಪದಲ್ಲಿ ಕಡಲ ದಡಕ್ಕೆ ಹೋಗಿ ಬರುತ್ತಿದ್ದೆ. ಜೂನ್ 1ರ ಮೀನುಗಾರಿಕೆ ನಿಷೇಧಕ್ಕೆ ಇನ್ನೂ ದಿನಗಳಿದ್ದವು. ಲಕ್ಷದ್ವೀಪದ ಸುತ್ತ ಕಡಲಿನ ಮೇಲ್ಮೈ ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿತ್ತು. ಚಂಡಮಾರುತ ಹುಟ್ಟಲು 26.5 ಡಿಗ್ರಿ ಸಾಕೆನ್ನುತ್ತಾರೆ. ಮೇ ತಿಂಗಳಲ್ಲಿ ನಮ್ಮ ಕಡಲು ಅದಕ್ಕಿಂತ ಬಿಸಿಯಾಗಿಯೇ ಇರುತ್ತದೆ, ಹಾಗಾಗಿ ಆ ಒಂದು ಅಂಕಿಯನ್ನು ಹಿಡಿದು ಹೆದರಿಸುವವರನ್ನು ನಾನು ನಂಬುವುದಿಲ್ಲ. ಬಿಸಿನೀರು ಒಲೆಯ ಮೇಲೆ ಸದಾ ಇದೆ. ಅಕ್ಕಿ ಹಾಕುವವರು ಯಾರು ಎಂಬುದೇ ಪ್ರಶ್ನೆ.

ಅದಕ್ಕೆ ಉಪಗ್ರಹ ಚಿತ್ರ ನೋಡಬೇಕು. ಹವಾಮಾನ ಇಲಾಖೆಯ ಜಾಲತಾಣದಲ್ಲಿ ಇನ್ಸಾಟ್ ಚಿತ್ರಗಳು ಎಲ್ಲರಿಗೂ ಸಿಗುತ್ತವೆ. ಹೊಸಬರು ಮೋಸ ಹೋಗುವುದು ಬೆಳಗಿನ ಚಿತ್ರದಲ್ಲಿ. ಕಡಲಿನ ಮೇಲಿನ ಗುಡುಗುಮೋಡಗಳು ಸಾಮಾನ್ಯವಾಗಿ ನಸುಕಿನ ಹೊತ್ತಿಗೆ ಉಬ್ಬಿ, ಮಧ್ಯಾಹ್ನದ ಹೊತ್ತಿಗೆ ಬಾಡುತ್ತವೆ. ಐದು ಗಂಟೆಗೆ ಕೆಂಪು ಬಣ್ಣದಲ್ಲಿ ಭಯಂಕರವಾಗಿ ಕಂಡ ರಾಶಿ, ಊಟ ಮುಗಿಸಿ ನೋಡುವಾಗ ಹತ್ತಿಯ ಚೂರಾಗಿರುತ್ತದೆ. ನಾನು ಕಾಯುವುದು ಬಾಡದೆ ಉಳಿಯುವ ರಾಶಿಗೆ. ಮಧ್ಯಾಹ್ನ ದಾಟಿ, ಸಂಜೆ ದಾಟಿ, ಮರುದಿನ ಅದೇ ಜಾಗದಲ್ಲಿ ಮತ್ತೆ ಉಬ್ಬಿದರೆ ಪುಸ್ತಕದಲ್ಲಿ ‘ಸಂಶಯ’ ಎಂದು ಬರೆಯುತ್ತೇನೆ. ಅಂಚಿನ ಮೋಡಗಳು ಅಡ್ಡಾದಿಡ್ಡಿಯಾಗಿರುವ ಬದಲು ಬಾಗತೊಡಗಿದರೆ ಆ ಪದದ ಕೆಳಗೆ ಗೆರೆ ಎಳೆಯುತ್ತೇನೆ. ಮೋಡ ಎಷ್ಟು ದೊಡ್ಡದು ಎಂಬುದಕ್ಕಿಂತ ಅದು ಸುತ್ತುತ್ತಿದೆಯೇ ಎಂಬುದು ಮುಖ್ಯ.

ಉಪಗ್ರಹಗಳು ಕಡಲಿನ ಮೇಲ್ಮೈ ಗಾಳಿಯ ದಿಕ್ಕನ್ನೂ ಅಳೆಯುತ್ತವೆ. ಆ ನಕ್ಷೆಯಲ್ಲಿ ಪಡುವಣ ಗಾಳಿಯ ಬಾಣಗಳನ್ನು ಕಂಡು ಮೊದಮೊದಲು ಹಿಗ್ಗುತ್ತಿದ್ದೆ. ಆದರೆ ಮುಂಗಾರು ಸಮೀಪಿಸುವಾಗ ತೆಂಕಣ ಅರಬ್ಬಿ ಸಮುದ್ರದಲ್ಲಿ ಪಡುವಣ ಗಾಳಿ ಹೇಗೂ ಬೀಸುತ್ತದೆ. ರಾಶಿಯ ಬಡಗಣ ಮಗ್ಗುಲಲ್ಲಿ ಮೂಡಣ ಗಾಳಿ ಕಾಣಿಸಿತೇ? ಕಂಡರೆ ಗಾಳಿ ರಾಶಿಯ ಸುತ್ತ ಪೂರ್ತಿ ಸುತ್ತು ಹಾಕಿತು, ಸುಳಿ ಕಟ್ಟಿತು ಎಂದರ್ಥ. ಆ ಉಪಗ್ರಹದ ಓಟದ ಪಟ್ಟಿಗಳ ನಡುವೆ ಖಾಲಿ ಜಾಗವಿರುತ್ತದೆ. ನಮಗೆ ಬೇಕಾದ ಸುಳಿ ಹೆಚ್ಚಾಗಿ ಅಲ್ಲೇ ಕುಳಿತಿರುತ್ತದೆ ಎಂಬುದು ನನ್ನ ಹಣೆಬರಹ.

ಮೇ 13ರಂದು ಲಕ್ಷದ್ವೀಪದ ಬಳಿ ಕಡಿಮೆ ಒತ್ತಡದ ಪ್ರದೇಶ ಮೂಡಿತು. 14ರ ನಸುಕಿಗೆ ತೆರೆ ಎಣಿಸಿದೆ: ಹನ್ನೊಂದು ಸೆಕೆಂಡು. ನಮ್ಮಲ್ಲಿ ಗಾಳಿ ಇನ್ನೂ ಮಂದ, ಆಗ್ನೇಯದಿಂದ. ಆಗ ನಾನು ಮಾಡಿದ್ದು ಹತ್ತೊಂಬತ್ತನೆಯ ಶತಮಾನದ ನಾವಿಕರಿಗೂ ಗೊತ್ತಿದ್ದ ಕೆಲಸ. ಗಾಳಿಗೆ ಬೆನ್ನು ಕೊಟ್ಟು ನಿಂತು ಎಡಗೈಯನ್ನು ಪಕ್ಕಕ್ಕೆ ಚಾಚಿದೆ. ಭೂಮಿಯ ಉತ್ತರಾರ್ಧದಲ್ಲಿ ಕಡಿಮೆ ಒತ್ತಡ ಇರುವುದು ಆ ಕೈಯ ಕಡೆಗೆ, ಇನ್ನೂ ಸರಿಯಾಗಿ ಹೇಳಬೇಕೆಂದರೆ ಅದಕ್ಕಿಂತ ಸ್ವಲ್ಪ ಮುಂದಕ್ಕೆ. ಡಚ್ ವಿಜ್ಞಾನಿ ಬೈಸ್ ಬ್ಯಾಲಟ್ ಹೆಸರಿನಲ್ಲಿ ಈ ನಿಯಮವಿದೆ. ನನ್ನ ಕೈ ನೈಋತ್ಯಕ್ಕೆ, ಲಕ್ಷದ್ವೀಪದ ಕಡೆಗೆ ಚಾಚಿತ್ತು. 15ಕ್ಕೆ ಗಾಳಿ ತೆಂಕಣದಿಂದ ಬೀಸಿತು. ಕೈ ನೇರ ಪಡುವಣಕ್ಕೆ. 16ಕ್ಕೆ ನೈಋತ್ಯ ಗಾಳಿ, ಕೈ ವಾಯವ್ಯಕ್ಕೆ. ತೌಕ್ತೆ ನಮ್ಮ ದಡಕ್ಕೆ ಸಮಾನಾಂತರವಾಗಿ ತೆಂಕಿನಿಂದ ಬಡಗಿಗೆ ಸಾಗಿದ ದಾರಿಯನ್ನು ಒಂದು ಕೈ, ಒಂದು ಹಾಲಿನ ಚೀಲ ಹಿಡಿದುಕೊಂಡು ನೋಡಿದೆ. ಹತ್ತು ಗಂಟೆಯ ಒತ್ತಡ 14ರಂದು ಹಿಂದಿನ ದಿನಕ್ಕಿಂತ ಒಂದೂವರೆ ಮಿಲಿಬಾರ್ ಕಡಿಮೆ, 15ರಂದು ಮತ್ತೆ ಮೂರು ಕಡಿಮೆ.

ಊರಿನವರಿಗೆ ಅದು ಮೊದಲಿಗೆ ಕೃತ್ತಿಕೆ ಮಳೆಯಾಗಿತ್ತು. 16ರ ಬೆಳಿಗ್ಗೆಯ ಹೊತ್ತಿಗೆ ನನ್ನ ಮಳೆಮಾಪಕ ಎರಡು ಸಲ ತುಂಬಿ ಚೆಲ್ಲಿತ್ತು. ನಮ್ಮದೇ ತಾಲ್ಲೂಕಿನ ನಾಡದಲ್ಲಿ ಒಂದು ದಿನಕ್ಕೆ 385 ಮಿ.ಮೀ. ದಾಖಲಾಯಿತು. 17ರ ರಾತ್ರಿ ತೌಕ್ತೆ ಗುಜರಾತಿನಲ್ಲಿ ದಡ ಹಾಯ್ದಿತು.

ಇಲಾಖೆ ಇದೆಲ್ಲಕ್ಕೂ ಮೊದಲೇ ಎಚ್ಚರಿಕೆ ಕೊಟ್ಟಿತ್ತು, ದೋಣಿಗಳು ಮರಳಿದ್ದವು. ನಾನು ಯಾರನ್ನೂ ಉಳಿಸಲಿಲ್ಲ. ಇದನ್ನು ಹೇಳಲು ಕಾರಣವಿದೆ. ಅದಕ್ಕೆ ಎರಡು ವರ್ಷ ಮೊದಲು, ಹತ್ತು ದಿನದ ಮುಂದಿನ ಚಿತ್ರ ತೋರಿಸುವ ಕಂಪ್ಯೂಟರ್ ಮಾದರಿಯೊಂದರಲ್ಲಿ ದೊಡ್ಡ ಸುಳಿ ಕಂಡು ತಾಂಡೇಲರಿಗೆ ‘ಬರುವ ವಾರ ಹೋಗಬೇಡಿ’ ಎಂದಿದ್ದೆ. ಆ ವಾರ ಕಡಲು ಕೆರೆಯಂತಿತ್ತು. ಉಳಿದವರು ಬಂಗುಡೆ ತುಂಬಿಕೊಂಡು ಬಂದರು. ತಾಂಡೇಲರು ಬೈಯಲಿಲ್ಲ, ಒಂದು ತಿಂಗಳು ನಮ್ಮ ಮನೆಗೆ ಮೀನು ಕಳಿಸಲಿಲ್ಲ, ಅಷ್ಟೇ. ಹತ್ತು ದಿನ ಮುಂದಿನ ಸುಳಿ ಎಂದರೆ ಜಾತಕದಂತೆ. ಐದು ದಿನದೊಳಗೆ, ಬೇರೆ ಬೇರೆ ಮಾದರಿಗಳಲ್ಲಿ, ಪ್ರತಿ ಹೊಸ ಲೆಕ್ಕದಲ್ಲೂ ಅದೇ ಜಾಗದಲ್ಲಿ ಕಂಡರೆ ಮಾತ್ರ ಪುಸ್ತಕಕ್ಕೆ ಏರಿಸುತ್ತೇನೆ. ಮೊಬೈಲಿನಲ್ಲಿ ಬಣ್ಣಬಣ್ಣದ ಸುಳಿ ತಿರುಗುತ್ತದಲ್ಲ, ಅದನ್ನು ಉಪಗ್ರಹದ ಫೋಟೊ ಎಂದು ಹಂಚುವವರಿಗೆ ಹೇಳಿ ಹೇಳಿ ಸಾಕಾಗಿದೆ: ಅದು ಲೆಕ್ಕ, ಕಣ್ಣಿಗೆ ಕಂಡದ್ದಲ್ಲ. ಈಗ ಯಾರಾದರೂ ಕೇಳಿದರೆ ಇಲಾಖೆಯ ಪ್ರಕಟಣೆಯನ್ನು ಕನ್ನಡದಲ್ಲಿ ಓದಿ ಹೇಳುತ್ತೇನೆ. ಹೋಗಿ, ಹೋಗಬೇಡಿ ಎನ್ನುವುದಿಲ್ಲ.

ಓದಿ ಹೇಳುವಾಗಲೂ ಒಂದು ತೊಡಕು. ನಮ್ಮ ಪತ್ರಿಕೆಗಳಿಗೆ ಎಲ್ಲವೂ ‘ವಾಯುಭಾರ ಕುಸಿತ’. ಇಲಾಖೆಯ ಲೆಕ್ಕದಲ್ಲಿ ಗಾಳಿ ಗಂಟೆಗೆ 31 ಕಿ.ಮೀ. ಮುಟ್ಟುವವರೆಗೆ ಅದು ಕಡಿಮೆ ಒತ್ತಡದ ಪ್ರದೇಶ, ಆ ಮೇಲೆ ವಾಯುಭಾರ ಕುಸಿತ, 50 ಮುಟ್ಟಿದರೆ ತೀವ್ರ ವಾಯುಭಾರ ಕುಸಿತ, 62ಕ್ಕೆ ಚಂಡಮಾರುತ, ಆಗ ಹೆಸರು. ಮೊದಲನೆಯದರಲ್ಲಿ ಬಹುಪಾಲು ಮಳೆ ಸುರಿಸಿ ಸಾಯುತ್ತವೆ. ಎಲ್ಲಕ್ಕೂ ಒಂದೇ ಪದ ಬಳಸಿದರೆ ಕೊನೆಗೆ ಯಾವುದಕ್ಕೂ ಯಾರೂ ತಲೆ ಎತ್ತುವುದಿಲ್ಲ.

ತೆರೆಗಳೂ ಸುಳ್ಳು ಹೇಳುತ್ತವೆ. ಒಮ್ಮೆ ಹದಿನೇಳು ಸೆಕೆಂಡು ಸಿಕ್ಕಿತು. ಕೈ ನಡುಗಿತು. ಆದರೆ ಒತ್ತಡ ನಿನ್ನೆಯದೇ, ಗಾಳಿ ನಿನ್ನೆಯದೇ, ಚಿತ್ರದಲ್ಲಿ ಅರಬ್ಬಿ ಸಮುದ್ರ ಬೋಳು. ಅದು ಕೇರಳದವರು ಕಳ್ಳಕ್ಕಡಲ್ ಎನ್ನುವ ತೆರೆ. ಕಳ್ಳನಂತೆ ಬರುವ ಕಡಲು. ಹಿಂದೂ ಮಹಾಸಾಗರದ ದಕ್ಷಿಣದ ತುದಿಯ ಬಿರುಗಾಳಿ ಎಬ್ಬಿಸಿದ ತೆರೆಗಳು ಸಾವಿರಾರು ಕಿಲೋಮೀಟರ್ ನಡೆದು ಬಂದು ನಮ್ಮ ದಡ ತಿನ್ನುತ್ತವೆ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್ಕಾಯ್ಸ್ ಅದಕ್ಕೆ ಬೇರೆಯೇ ಎಚ್ಚರಿಕೆ ಕೊಡುತ್ತದೆ. ತೆರೆ ಒಂದನ್ನೇ ನಂಬದಿರುವುದನ್ನು ಅಂದು ಕಲಿತೆ.

ಇಷ್ಟೆಲ್ಲ ಕಲಿತವನಿಗೆ ಒಂದು ಗರ್ವವೂ ಬಂದಿತ್ತು. ಮಳೆಗಾಲದ ನಡುವೆ ನಾನು ಚಿತ್ರ ನೋಡುತ್ತಿರಲಿಲ್ಲ. ಆಗ ಕೆಳಗೆ ಪಡುವಣ ಗಾಳಿ, ಮೇಲೆ ಮೂಡಣದ ಬಿರುಸು ಗಾಳಿ. ಸುಳಿಯ ತಲೆ ಒಂದು ಕಡೆ, ಬುಡ ಒಂದು ಕಡೆ ಎಳೆದು ಹೋಗುತ್ತದೆ. ಅದಕ್ಕೇ ನಮ್ಮ ಚಂಡಮಾರುತಗಳಿಗೆ ಮೇ–ಜೂನ್ ಒಂದು ಸುಗ್ಗಿ, ಅಕ್ಟೋಬರ್–ನವೆಂಬರ್ ಇನ್ನೊಂದು. 2024ರ ಆಗಸ್ಟ್ ಕೊನೆಯಲ್ಲಿ ಗುಜರಾತಿನ ನೆಲದ ಮೇಲಿದ್ದ ತೀವ್ರ ವಾಯುಭಾರ ಕುಸಿತವೊಂದು ಕಚ್ಛ್ ದಾಟಿ ಕಡಲಿಗಿಳಿದು ಆಸ್ನಾ ಚಂಡಮಾರುತವಾಯಿತು. 1976ರ ನಂತರ ಆಗಸ್ಟ್‌ನಲ್ಲಿ ಅರಬ್ಬಿ ಸಮುದ್ರ ಕಂಡ ಮೊದಲ ಚಂಡಮಾರುತ. ನನಗೆ ಅದನ್ನು ಹೇಳಿದ್ದು ತಾಂಡೇಲರು. ಪುಸ್ತಕ ತೆಗೆದು ನೋಡಿದೆ. ಆಗಸ್ಟ್ 30ರ ಪುಟದಲ್ಲಿ ಎರಡೇ ಸಾಲು ಇತ್ತು: ‘ಒತ್ತಡ ಎಂದಿನಂತೆ. ಕೊಡೆ ರಿಪೇರಿಗೆ ಕೊಟ್ಟೆ.’