ಕುತ್ತಿಗೆಯನ್ನು ಯಾರ ಕೈಗಾದರೂ ಕೊಡುವ ಮೊದಲು: ಇಂಗ್ಲೆಂಡಿನಲ್ಲಿ ವಿಪ್‌ಲ್ಯಾಶ್, ಕನ್ಕಷನ್ ಮತ್ತು ಆಸ್ಟಿಯೋಪಥಿ

ಕುತ್ತಿಗೆ ನೋವಿಗೆ ಆಸ್ಟಿಯೋಪಾಥ್ ಒಬ್ಬರನ್ನು ಕಂಡು ಬಂದೆನೆಂದು ಧಾರವಾಡದ ಮನೆಗೆ ಫೋನ್ ಮಾಡಿ ಹೇಳಿದಾಗ, ಅಪ್ಪನಿಗೆ ಅದು ಆರ್ಥೋಪೆಡಿಕ್ ಎಂದು ಕೇಳಿಸಿತು, ಅವ್ವನಿಗೆ ಹೋಮಿಯೋಪಥಿ ಎಂದು. ಕೈಯಿಂದಲೇ ಸ್ನಾಯು, ಕೀಲುಗಳ ಉಪಚಾರ ಮಾಡುವವರನ್ನು ಇಲ್ಲಿ ಆಸ್ಟಿಯೋಪಾಥ್ ಎನ್ನುತ್ತಾರೆ. ಇಬ್ಬರನ್ನೂ ದೂರುವಂತಿಲ್ಲ, ಏಕೆಂದರೆ ಹುಬ್ಬಳ್ಳಿ-ಧಾರವಾಡದಲ್ಲಿ ಆ ಹೆಸರಿನ ಬೋರ್ಡು ಕಣ್ಣಿಗೆ ಬೀಳುವುದೇ ಅಪರೂಪ. ನಮ್ಮಲ್ಲಿ ಗಾಡಿಯಿಂದ ಬಿದ್ದವರು ನೇರವಾಗಿ ಎಲುಬಿನ ಡಾಕ್ಟರ ಬಳಿ ಹೋಗಿ ಅದೇ ದಿನ ಎಕ್ಸ್‌ರೇ ತೆಗೆಸುತ್ತಾರೆ, ಇಲ್ಲವೇ ಉಳುಕು ತಿಕ್ಕುವವರನ್ನು ಹುಡುಕಿಕೊಂಡು ಹೋಗುತ್ತಾರೆ. ಇಂಗ್ಲೆಂಡಿಗೆ ಬಂದ ಮೇಲೆ ಈ ಎರಡು ದಾರಿಗಳೂ ಇರುವುದಿಲ್ಲ. ಇಲ್ಲಿ ಯಾರ ಬಳಿ ಮೊದಲು ಹೋಗಬೇಕು, ಯಾರ ಬಳಿ ಆಮೇಲೆ ಹೋಗಬೇಕು ಎಂಬ ಕ್ರಮ ತಪ್ಪಿದರೆ ಹಣ ವ್ಯರ್ಥವಾಗುವುದಲ್ಲದೆ ಕೆಲವೊಮ್ಮೆ ಜೀವಕ್ಕೂ ಅಪಾಯವಾದೀತು. ಓದಿಗೋ ನೌಕರಿಗೋ ಅಲ್ಲಿಂದ ಇಲ್ಲಿಗೆ ಬಂದವರು ಆ ಕ್ರಮವನ್ನು ಮೊದಲೇ ತಿಳಿದಿರಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನಿಂತ ಕಾರಿಗೆ ಹಿಂದಿನಿಂದ ಇನ್ನೊಂದು ಕಾರು ಗುದ್ದಿದಾಗ ಮೈ ಸೀಟಿನೊಂದಿಗೆ ಮುಂದಕ್ಕೆ ಹೋಗುತ್ತದೆ, ತಲೆ ಹಿಂದೆ ಉಳಿದು ಮರುಕ್ಷಣ ಮುಂದಕ್ಕೆ ಎಸೆಯಲ್ಪಡುತ್ತದೆ. ಬಾರಕೋಲು ಬೀಸಿದಾಗ ಅದರ ತುದಿ ಹೇಗೆ ಝಾಡಿಸುತ್ತದೋ ಕುತ್ತಿಗೆಗೆ ಹಾಗೆಯೇ ಆಗುವುದರಿಂದ ಇದಕ್ಕೆ ವಿಪ್‌ಲ್ಯಾಶ್ ಎಂಬ ಹೆಸರು ಬಂದಿದೆ. ಅದೇ ಹೊಡೆತಕ್ಕೆ ಮಿದುಳು ಬುರುಡೆಯೊಳಗೆ ಅಲುಗಿ ಅದರ ಕೆಲಸ ಕೆಲಕಾಲ ಏರುಪೇರಾದರೆ ಅದು ಕನ್ಕಷನ್. ಇದಕ್ಕೆ ತಲೆ ಎಲ್ಲಿಯೂ ಬಡಿಯಲೇಬೇಕೆಂದಿಲ್ಲ, ಪ್ರಜ್ಞೆ ತಪ್ಪಲೇಬೇಕೆಂದೂ ಇಲ್ಲ. ನನಗೆ ಅಪಘಾತವಾದ ಸಂಜೆ ಯಾವ ನೋವೂ ಇರಲಿಲ್ಲ. ಮರುದಿನ ಬೆಳಿಗ್ಗೆ ಎದ್ದಾಗ ಕುತ್ತಿಗೆ ಮರದ ಕೊರಡಿನಂತಾಗಿತ್ತು. ವಿಪ್‌ಲ್ಯಾಶ್ ಹೀಗೆ ತಡವಾಗಿ ಕಾಣಿಸಿಕೊಳ್ಳುವುದು ಸಾಮಾನ್ಯವಾದ್ದರಿಂದ, ಅಪಘಾತದ ಸ್ಥಳದಲ್ಲಿ 'ನನಗೇನೂ ಆಗಿಲ್ಲ' ಎಂದು ಎದುರಿನವರಿಗೆ ಬರೆದು ಕೊಡಬಾರದು.

ಮೊದಲ ಪ್ರಶ್ನೆ ಆಸ್ಟಿಯೋಪಾಥ್ ಬೇಕೋ ಬೇಡವೋ ಎಂಬುದಲ್ಲ, ತುರ್ತು ಚಿಕಿತ್ಸೆ ಬೇಕೇ ಎಂಬುದು. ತಲೆನೋವು ಏರುತ್ತಲೇ ಹೋಗುವುದು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಎಚ್ಚರವಾಗದ ಮಂಪರು, ಫಿಟ್ಸ್, ಮಾತಿನ ತೊದಲು, ಎರಡೆರಡು ಕಾಣುವುದು, ಕಿವಿ ಅಥವಾ ಮೂಗಿನಿಂದ ತಿಳಿನೀರು ಸೋರುವುದು, ಕೈಕಾಲುಗಳಲ್ಲಿ ಜೋಮು ಅಥವಾ ಬಲವಿಲ್ಲದಿರುವುದು, ಇವುಗಳಲ್ಲಿ ಒಂದು ಕಂಡರೂ ಆಂಬ್ಯುಲೆನ್ಸ್‌ಗಾಗಿ 999ಕ್ಕೆ ಫೋನ್ ಮಾಡಬೇಕು ಅಥವಾ ಆಸ್ಪತ್ರೆಯ ಎ ಅಂಡ್ ಇ, ಅಂದರೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಸಂಶಯವಿದ್ದರೆ ಆರೋಗ್ಯ ಸಲಹೆಯ 111ಕ್ಕೆ ಫೋನ್ ಮಾಡಿ ಕೇಳಬಹುದು. ಆ ಕರೆ ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ದುಭಾಷಿ ಬೇಕೆಂದೂ ಕೇಳಿಕೊಳ್ಳಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ತಲೆಗೆ ಸಣ್ಣ ಏಟಾದರೂ ಅದನ್ನು ಮೊದಲ ಮಾತಿನಲ್ಲೇ ಹೇಳಬೇಕು. ಹಾಗೆಯೇ ಏಟಿನ ನಂತರ ಕುತ್ತಿಗೆ ನೋಯುತ್ತಿದ್ದು ವಯಸ್ಸು 65 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ, ಮೂಳೆ ಮುರಿದಿಲ್ಲವೆಂದು ಸ್ಕ್ಯಾನಿನಿಂದ ಖಾತ್ರಿಪಡಿಸಿಕೊಳ್ಳದೆ ಯಾರೂ ಆ ಕುತ್ತಿಗೆಯನ್ನು ಹೊರಳಿಸಬಾರದು. ಬೇಸಿಗೆಗೆಂದು ಅಪ್ಪ-ಅವ್ವನನ್ನು ಕರೆಸಿಕೊಂಡವರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಅಪಾಯದ ಲಕ್ಷಣಗಳಿಲ್ಲದಿದ್ದರೆ ಇಲ್ಲಿನ ಡಾಕ್ಟರು ಸ್ಕ್ಯಾನ್ ಮಾಡಿಸುವುದಿಲ್ಲ, ಮತ್ತು ನಮ್ಮವರಿಗೆ ಇದೇ ಅಸಮಾಧಾನ. 'ಸ್ಕ್ಯಾನ್ ಮಾಡಲಾರದ ಹೆಂಗ ಕಳಿಸಿದ್ರು?' ಎಂದು ಅವ್ವ ಮೂರು ಸಲ ಕೇಳಿದಳು. ಕನ್ಕಷನ್ ಸಾಮಾನ್ಯ ಸಿಟಿ ಸ್ಕ್ಯಾನಿನಲ್ಲಿ ಕಾಣುವುದಿಲ್ಲ; ಸ್ಕ್ಯಾನ್ ಇರುವುದು ರಕ್ತಸ್ರಾವ ಮತ್ತು ಮುರಿತವನ್ನು ಪತ್ತೆಹಚ್ಚಲು. ವಿಪ್‌ಲ್ಯಾಶ್‌ನಲ್ಲಿ ನೋಯುವ ಸ್ನಾಯು, ಅಸ್ಥಿರಜ್ಜುಗಳೂ ಎಕ್ಸ್‌ರೇಯಲ್ಲಿ ಮೂಡುವುದಿಲ್ಲ. ಹೆಚ್ಚಿನವರಿಗೆ ಎರಡು ಮೂರು ತಿಂಗಳಲ್ಲಿ ಕುತ್ತಿಗೆ ತಾನಾಗಿ ಸುಧಾರಿಸುತ್ತದೆ. ಅಲ್ಲಿಯವರೆಗೆ ನೋವಿನ ಮಾತ್ರೆ ತೆಗೆದುಕೊಂಡು ಕುತ್ತಿಗೆಯನ್ನು ಮೆಲ್ಲಗೆ ಆಡಿಸುತ್ತಿರಬೇಕೆಂಬುದು ಇಲ್ಲಿನ ಸಲಹೆ. ಊರಿನಿಂದ ಯಾರಾದರೂ ತಂದುಕೊಟ್ಟ ಕಾಲರ್ ಪಟ್ಟಿಯನ್ನು ವಾರಗಟ್ಟಲೆ ಬಿಗಿದುಕೊಂಡರೆ ಬಿಗುವು ಹೆಚ್ಚುತ್ತದೆ.

ಆಸ್ಟಿಯೋಪಾಥ್ ಬರುವುದು ಈ ಹಂತದಲ್ಲಿ. ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ 1874ರಲ್ಲಿ ಈ ಪದ್ಧತಿಯನ್ನು ಆರಂಭಿಸಿದರು, 1917ರಲ್ಲಿ ಲಂಡನ್ನಿನಲ್ಲಿ ಇದರ ಶಾಲೆ ತೆರೆಯಿತು. ಆದರೆ ಎರಡು ದೇಶಗಳಲ್ಲಿ ಅದು ಎರಡು ದಿಕ್ಕಿಗೆ ಬೆಳೆದಿದೆ. ಅಮೆರಿಕದಲ್ಲಿ ಡಿ.ಓ. ಎಂದು ಬರೆದುಕೊಳ್ಳುವವರು ಔಷಧ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಪೂರ್ಣ ಡಾಕ್ಟರು. ಬ್ರಿಟನ್ನಿನ ಆಸ್ಟಿಯೋಪಾಥ್ ನಾಲ್ಕೈದು ವರ್ಷ ಆ ಶಾಸ್ತ್ರವನ್ನೇ ಓದಿ, ಕೈಯಿಂದ ಸ್ನಾಯು ಮತ್ತು ಕೀಲುಗಳ ಉಪಚಾರ ಮಾಡುವವರು. ಅಮೆರಿಕದಲ್ಲಿರುವ ಬಂಧುಗಳು ಹೇಳಿದ್ದನ್ನು ಇಲ್ಲಿಗೆ ಅನ್ವಯಿಸಿಕೊಂಡರೆ ಗೊಂದಲ ತಪ್ಪದು. 1993ರ ಕಾಯ್ದೆಯ ಪ್ರಕಾರ, ಜನರಲ್ ಆಸ್ಟಿಯೋಪಥಿಕ್ ಕೌನ್ಸಿಲ್‌ನಲ್ಲಿ ನೋಂದಾಯಿಸದವರು ಈ ದೇಶದಲ್ಲಿ ತಮ್ಮನ್ನು ಆಸ್ಟಿಯೋಪಾಥ್ ಎಂದು ಕರೆದುಕೊಳ್ಳುವುದು ಅಪರಾಧ. ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಹೆಸರು ಹುಡುಕಿ ನೋಡಲು ಒಂದು ನಿಮಿಷ ಸಾಕು.

ಮೊದಲ ಭೇಟಿಯಲ್ಲಿ ಬಹುಪಾಲು ಸಮಯ ಮಾತಿಗೇ ಹೋಗುತ್ತದೆ. ಗುದ್ದಿದ್ದು ಯಾವ ಕಡೆಯಿಂದ, ತಲೆ ಆಗ ಎತ್ತ ತಿರುಗಿತ್ತು, ಯಾವ ಮಾತ್ರೆಗಳು ನಡೆದಿವೆ ಎಂದು ಕೇಳಿ, ಕೈಹಿಡಿತದ ಬಲ ಮತ್ತು ಕುತ್ತಿಗೆ ಎಷ್ಟು ಹೊರಳುತ್ತದೆಂಬುದನ್ನು ಪರೀಕ್ಷಿಸಿದ ಮೇಲೆಯೇ ಮೈ ಮುಟ್ಟಿ ಚಿಕಿತ್ಸೆ ಆರಂಭಿಸುತ್ತಾರೆ. ಮೇಲಿನ ಬಟ್ಟೆ ತೆಗೆಯಲು ಹೇಳುವುದುಂಟು. ನಮ್ಮ ಹೆಣ್ಣುಮಕ್ಕಳು, ಹಿರಿಯರು ಇದರಿಂದ ಮುಜುಗರಪಟ್ಟು ಎದ್ದು ಬಂದದ್ದನ್ನು ಕೇಳಿದ್ದೇನೆ. ಅಂಗಿ ಹಾಕಿಕೊಂಡೇ ಇರುತ್ತೇನೆಂದು ಹೇಳಬಹುದು, ಜೊತೆಗೊಬ್ಬರನ್ನು ಕೂರಿಸಿಕೊಳ್ಳಬಹುದು, ಮಹಿಳಾ ಆಸ್ಟಿಯೋಪಾಥ್ ಬೇಕೆಂದು ಸಮಯ ಗೊತ್ತುಮಾಡುವಾಗಲೇ ಕೇಳಬಹುದು. ಇದರಿಂದ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ನಂತರ ಬಿಗಿದ ಸ್ನಾಯುಗಳನ್ನು ನೀವಿ ಸಡಿಲಿಸುವುದು, ಕೀಲುಗಳನ್ನು ನಿಧಾನವಾಗಿ ಆಡಿಸುವುದು, ಮನೆಯಲ್ಲಿ ಮಾಡಬೇಕಾದ ವ್ಯಾಯಾಮ ಹೇಳಿಕೊಡುವುದು ನಡೆಯುತ್ತದೆ. ನನಗಂತೂ ಹೆಚ್ಚು ಕೆಲಸಕ್ಕೆ ಬಂದದ್ದು ಆ ವ್ಯಾಯಾಮವೇ.

ಇನ್ನೊಂದು ವಿಧಾನವಿದೆ: ಕುತ್ತಿಗೆಯನ್ನು ಒಂದು ಕಡೆ ಹೊರಳಿಸಿ ಫಕ್ಕನೆ ತಿರುವಿ ಸದ್ದು ಬರಿಸುವುದು. ಕಟಿಂಗ್ ಅಂಗಡಿಯಲ್ಲಿ ಕೂದಲು ಕತ್ತರಿಸಿದ ಮೇಲೆ ಲಟಿಗೆ ತೆಗೆಸಿಕೊಂಡು ಬೆಳೆದ ನಮಗೆ ಇದು ಹೊಸದಲ್ಲ, ಹಾಗಾಗಿಯೇ ಭಯವೂ ಕಡಿಮೆ. ಆದರೆ ಅಪಘಾತವಾದ ಕುತ್ತಿಗೆಯ ಮಾತೇ ಬೇರೆ. ಮಿದುಳಿಗೆ ರಕ್ತ ಒಯ್ಯುವ ನಾಳ ಅಪಘಾತದಲ್ಲಿ ಒಳಗೊಳಗೇ ಹರಿದಿದ್ದರೆ ಈ ತಿರುವಿನಿಂದ ಲಕ್ವ ಹೊಡೆಯಬಹುದು. ಅಪರೂಪವಾದರೂ ದಾಖಲಾಗಿರುವ ಸಂಗತಿ ಇದು. ಹಿಂದೆಂದೂ ಅನುಭವಿಸದಂಥ ಒಂದೇ ಬದಿಯ ಕುತ್ತಿಗೆ ನೋವು, ಇಳಿಬಿದ್ದ ಕಣ್ಣರೆಪ್ಪೆ, ನುಂಗಲು ತೊಂದರೆ ಇದ್ದರೆ ಆಸ್ಟಿಯೋಪಾಥ್ ಬಳಿ ಹೋಗದೆ ಆಸ್ಪತ್ರೆಗೆ ಹೋಗಬೇಕು. ಯಾವ ಚಿಕಿತ್ಸೆಗೂ ನಿಮ್ಮ ಒಪ್ಪಿಗೆ ಪಡೆಯುವುದು ಅವರ ಕರ್ತವ್ಯ. ನಾನು ತಿರುವುವುದು ಬೇಡವೆಂದೆ, ಅವರು ಮರುಮಾತಿಲ್ಲದೆ ಬಿಟ್ಟರು.

ಕನ್ಕಷನ್ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ಕೈಯಿಂದ ಒತ್ತಿ ಮಿದುಳನ್ನು ಗುಣಪಡಿಸಲಾಗದು. ತಲೆಬುರುಡೆಯನ್ನು ಹಗುರವಾಗಿ ಹಿಡಿದು ಮಾಡುವ ಕ್ರೇನಿಯಲ್ ಆಸ್ಟಿಯೋಪಥಿಯಿಂದ ಕನ್ಕಷನ್ ವಾಸಿಯಾಗುತ್ತದೆಂಬುದಕ್ಕೆ ಗಟ್ಟಿಯಾದ ಪುರಾವೆ ಇಲ್ಲ. ಹಾಗೆಂದು ಭರವಸೆ ಕೊಡುವವರನ್ನು ನಂಬಬೇಡಿ. ಮೊದಲ 24ರಿಂದ 48 ಗಂಟೆ ವಿಶ್ರಾಂತಿ, ಫೋನು-ಲ್ಯಾಪ್‌ಟಾಪುಗಳಿಂದ ದೂರ, ಮೊದಲ ದಿನ ಜೊತೆಗೊಬ್ಬರು, ಆಮೇಲೆ ಸಹಿಸುವಷ್ಟು ನಡಿಗೆ ಮತ್ತು ಕೆಲಸ, ಪೂರ್ತಿ ಚೇತರಿಸಿಕೊಳ್ಳುವವರೆಗೆ ಕಾರು ಓಡಿಸದಿರುವುದು, ಇದೇ ಚಿಕಿತ್ಸೆ. ಹವ್ಯಾಸಿ ಆಟಗಾರರಿಗಾಗಿ 2023ರಲ್ಲಿ ಹೊರಡಿಸಿದ ಮಾರ್ಗದರ್ಶಿಯಂತೆ 21 ದಿನದ ಮೊದಲು ಪಂದ್ಯಕ್ಕೆ ಮರಳುವಂತಿಲ್ಲ; ಭಾನುವಾರದ ಕ್ರಿಕೆಟ್ ತಂಡದವರು ಎಷ್ಟೇ ಒತ್ತಾಯಿಸಿದರೂ ಒಪ್ಪಬಾರದು. ಆದರೆ ತಲೆಗೆ ಏಟಾದ ಮೇಲೆ ಉಳಿಯುವ ತಲೆನೋವೆಲ್ಲ ಮಿದುಳಿನಿಂದಲೇ ಬರುವುದಿಲ್ಲ. ಕೆಲವರಲ್ಲಿ ಅದು ಕುತ್ತಿಗೆಯ ಮೇಲ್ಭಾಗದ ಕೀಲುಗಳಿಂದ ಹುಟ್ಟಿ ತಲೆಗೆ ಹಬ್ಬುತ್ತದೆ, ಅಂಥ ನೋವಿಗೆ ಆಸ್ಟಿಯೋಪಾಥ್ ಅಥವಾ ಫಿಸಿಯೋಥೆರಪಿಸ್ಟ್ ನೆರವಾಗಬಲ್ಲರು. ತಲೆಸುತ್ತು ಹೋಗದಿದ್ದರೆ ಜಿಪಿಯನ್ನು, ಅಂದರೆ ಇಲ್ಲಿನ ಕುಟುಂಬ ವೈದ್ಯರನ್ನು ಕಾಣಬೇಕು.

ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಆಸ್ಟಿಯೋಪಥಿ ಸಿಗುವುದು ಅಪರೂಪವಾದ್ದರಿಂದ ಹೆಚ್ಚಿನವರು ಕೈಯಿಂದಲೇ ಹಣ ಕೊಡುತ್ತಾರೆ; ಒಂದು ಭೇಟಿಗೆ ಸಾಮಾನ್ಯವಾಗಿ 35ರಿಂದ 80 ಪೌಂಡ್ ಆಗುತ್ತದೆ, ಜಿಪಿಯ ಚೀಟಿ ಬೇಕಿಲ್ಲ. ವೀಸಾದೊಂದಿಗೆ ವರ್ಷಕ್ಕೆ 1,035 ಪೌಂಡ್ (ವಿದ್ಯಾರ್ಥಿಗಳಾದರೆ 776) ಆರೋಗ್ಯ ಶುಲ್ಕ ಕಟ್ಟಿ ಬಂದವರು ಮೊದಲು ಎನ್‌ಎಚ್‌ಎಸ್ ಫಿಸಿಯೋಥೆರಪಿಯನ್ನು ಕೇಳುವುದು ಜಾಣತನ. ಹಲವು ಪ್ರದೇಶಗಳಲ್ಲಿ ಅದಕ್ಕೆ ಜಿಪಿಯನ್ನು ಕಾಣದೆ ನೇರವಾಗಿ ಹೆಸರು ಹಚ್ಚಬಹುದು, ಕಾಯುವಿಕೆ ಮಾತ್ರ ವಾರಗಟ್ಟಲೆ. ಕಂಪನಿಯ ಖಾಸಗಿ ವಿಮೆ ಇದ್ದರೆ ಹೋಗುವ ಮೊದಲೇ ಅನುಮತಿ ಸಂಖ್ಯೆ ಪಡೆಯಿರಿ.

ತಪ್ಪು ಎದುರಿನ ಚಾಲಕರದಾಗಿದ್ದರೆ ಪರಿಹಾರ ಕೇಳಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಮೇ 31ರಿಂದ, ಗಾಯದ ಪರಿಹಾರ 5,000 ಪೌಂಡ್ ಮೀರದ ಪ್ರಕರಣಗಳನ್ನು ವಕೀಲರಿಲ್ಲದೆ 'ಅಫಿಶಿಯಲ್ ಇಂಜುರಿ ಕ್ಲೇಮ್' ಪೋರ್ಟಲ್‌ನಲ್ಲಿ ಸಲ್ಲಿಸಲು ಬರುತ್ತದೆ. ವಿಪ್‌ಲ್ಯಾಶ್‌ಗೆ ಎಷ್ಟು ತಿಂಗಳು ನೋವಿತ್ತೆಂಬುದರ ಮೇಲೆ ನಿಗದಿತ ಮೊತ್ತವಿದೆ. ಆರಂಭದಲ್ಲಿ ಮೂರು ತಿಂಗಳೊಳಗಿನದಕ್ಕೆ 240 ಪೌಂಡ್ ಇತ್ತು, 2025ರ ಮೇ 31ರಿಂದಾಚೆಗಿನ ಅಪಘಾತಗಳಿಗೆ ಮೊತ್ತವನ್ನು ಸುಮಾರು ಶೇ. 15ರಷ್ಟು ಏರಿಸಿದ್ದಾರೆ. ಕನ್ಕಷನ್ ಈ ಪಟ್ಟಿಯ ಹೊರಗಿನದು, ಅದನ್ನು ಪ್ರತ್ಯೇಕವಾಗಿ ನಮೂದಿಸಬೇಕು. ವೈದ್ಯಕೀಯ ವರದಿ ಇಲ್ಲದೆ ವಿಪ್‌ಲ್ಯಾಶ್ ಪ್ರಕರಣವನ್ನು ಹಣ ಕೊಟ್ಟು ಮುಗಿಸುವುದು ವಿಮಾ ಕಂಪನಿಗಳಿಗೆ ನಿಷಿದ್ಧ. ಆಸ್ಟಿಯೋಪಾಥ್ ಬಿಲ್ಲುಗಳನ್ನು ಜೋಪಾನ ಮಾಡಿಟ್ಟರೆ ಅವನ್ನೂ ಕ್ಲೇಮಿನಲ್ಲಿ ಸೇರಿಸಬಹುದು.

ಸಂದರ್ಶಕ ವೀಸಾದಲ್ಲಿ ಬಂದ ತಂದೆತಾಯಿಗಳಿಗೆ ಎ ಅಂಡ್ ಇ ವಿಭಾಗದೊಳಗಿನ ಚಿಕಿತ್ಸೆ ಉಚಿತವಾದರೂ ವಾರ್ಡಿಗೆ ಸೇರಿಸಿಕೊಂಡ ಕ್ಷಣದಿಂದ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು ಬಿಲ್ಲು ಬರುತ್ತದೆ. ಪ್ರಯಾಣ ವಿಮೆ ಮಾಡಿಸದೆ ಅವರನ್ನು ವಿಮಾನ ಹತ್ತಿಸಬೇಡಿ. ನಿಮ್ಮ ಕಾರಿನಲ್ಲಿ ಕುಳಿತಿದ್ದ ಅವರೂ ಪ್ರಯಾಣಿಕರಾಗಿ ಪರಿಹಾರ ಕೇಳಲು ಅರ್ಹರು. ಸಾಮಾನ್ಯವಾಗಿ ಅಪಘಾತದಿಂದ ಮೂರು ವರ್ಷದ ಅವಧಿ ಇರುವುದರಿಂದ ಧಾರವಾಡಕ್ಕೆ ಮರಳಿದ ಮೇಲೂ ಕೇಳಬಹುದು, ಆದರೆ ಹೊರಡುವ ಮೊದಲು ಇಲ್ಲಿನ ಡಾಕ್ಟರೊಬ್ಬರಿಗೆ ತೋರಿಸಿ ನೋವನ್ನು ಕಾಗದದ ಮೇಲೆ ಬರೆಸಿಕೊಂಡಿರಬೇಕು.