ಚೌಕಿಯ ಬೆಳಕಿನಲ್ಲಿ ಎರಡು 50 ಎಂಎಂ ಲೆನ್ಸ್‌ಗಳು

ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಕಲಾವಿದರು ಬಣ್ಣ ಹಚ್ಚಿಕೊಳ್ಳುವುದನ್ನು ಹಲವು ವರ್ಷಗಳಿಂದ ಕಪ್ಪು-ಬಿಳುಪು ಫಿಲ್ಮಿನಲ್ಲಿ ತೆಗೆಯುತ್ತ ಬಂದಿದ್ದೇನೆ. ವೇಷಕ್ಕೆ ಕುಳಿತವರ ಮುಖಕ್ಕೆ ಫ್ಲ್ಯಾಶ್ ಹೊಡೆಯಲು ನನಗೆ ಮನಸ್ಸಾಗುವುದಿಲ್ಲ. ಐಎಸ್‌ಒ 400ರ (ಬೆಳಕಿಗೆ ಫಿಲ್ಮಿನ ಸಂವೇದನೆಯ ಅಳತೆ) ಫಿಲ್ಮನ್ನು 800 ಎಂದು ಎಣಿಸಿ ತೆಗೆದು, ಡೆವಲಪ್ ಮಾಡುವಾಗ ಸಮಯ ಹೆಚ್ಚಿಸಿದರೂ ಅಲ್ಲಿನ ಬಲ್ಬಿನ ಬೆಳಕಿಗೆ ಎಫ್/1.5ರಷ್ಟು ಅಗಲದ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ; ಸಂಖ್ಯೆ ಚಿಕ್ಕದಾದಷ್ಟು ಕಿಂಡಿ ದೊಡ್ಡದು), 1/60 ಸೆಕೆಂಡು ಬೇಕೇ ಬೇಕು. ಹೀಗಾಗಿ ನನ್ನ ಲೈಕಾ ಎಂ6ಗೆ ಜೈಸ್ ಸಿ ಸೊನಾರ್ ಮತ್ತು 2013ರಲ್ಲಿ ಬಂದ ಫೋಕ್ಟ್‌ಲೆಂಡರ್ ನೋಕ್ಟನ್ ಎಂಬ ಎರಡು 50 ಎಂಎಂ ಎಫ್/1.5 ಲೆನ್ಸ್‌ಗಳನ್ನು ಬಳಸಿ ನೋಡಿದೆ.

ಮೊದಲು ಕೈಗೆ ಬಂದದ್ದು ಸೊನಾರ್. ಒಂದು ಮೀಟರ್ ದೂರದಲ್ಲಿ ಕುಳಿತು, ಹುಬ್ಬು ತೀಡುತ್ತಿದ್ದ ಕಲಾವಿದರ ಕಣ್ಣಿಗೆ ಫೋಕಸ್ ಕೂಡಿಸಿ ತೆಗೆದ ಚಿತ್ರಗಳಲ್ಲಿ ಕಣ್ಣು ಮಸುಕಾಗಿ, ಕಡ್ಡಿ ಹಿಡಿದ ಬೆರಳಿನ ತುದಿ ಮಾತ್ರ ಗೆರೆ ಗೆರೆಯಾಗಿ ಸ್ಪಷ್ಟವಾಗಿ ಮೂಡಿತ್ತು. ಇಡೀ ರೋಲು ಹಾಗೆಯೇ ಇತ್ತು. ಕೈ ನಡುಗಿರಬೇಕೆಂದುಕೊಂಡೆ; ಆದರೆ ಕೈ ನಡುಗಿದ್ದರೆ ಬೆರಳೂ ಮಸುಕಾಗಬೇಕಿತ್ತಲ್ಲವೇ?

ಮನೆಯಲ್ಲಿ ಮೇಜಿನ ಮೇಲೆ ಅಳತೆಪಟ್ಟಿಯನ್ನು ಓರೆಯಾಗಿ ಹಾಸಿ, ಕ್ಯಾಮೆರಾವನ್ನು ಟ್ರೈಪಾಡಿಗೆ ಬಿಗಿದು, ಒಂದೇ ಗುರುತಿಗೆ ಫೋಕಸ್ ಮಾಡಿ ಎಫ್/1.5, 2, 2.8, 4ರಲ್ಲಿ ಒಂದೊಂದು ಚಿತ್ರ ತೆಗೆದು, ನೆಗೆಟಿವ್‌ಗಳನ್ನು ಲೂಪಿನಲ್ಲಿ (ಭೂತಗನ್ನಡಿಯಲ್ಲಿ) ನೋಡಿದೆ. ಎಫ್/2.8ರಲ್ಲಿ ಗುರುತು ಸರಿಯಾಗಿಯೇ ಇತ್ತು, ಎಫ್/1.5ರಲ್ಲಿ ಸ್ಪಷ್ಟತೆ ಸುಮಾರು ಎರಡು ಸೆಂಟಿಮೀಟರ್ ನನ್ನ ಕಡೆಗೆ ಸರಿದಿತ್ತು. ಒಂದು ಮೀಟರಿನಲ್ಲಿ ಎಫ್/1.5ಕ್ಕೆ ಸ್ಪಷ್ಟವಾಗಿ ಕಾಣುವ ಆಳವೇ ಒಟ್ಟು ಮೂರೂವರೆ ಸೆಂಟಿಮೀಟರ್ ಇರುವಾಗ ಇದು ಸಣ್ಣ ವ್ಯತ್ಯಾಸವಲ್ಲ.

ಇದು ದೋಷವಲ್ಲ, ಆ ವಿನ್ಯಾಸದ ಗುಣ. ಲುಡ್ವಿಗ್ ಬರ್ಟೆಲೆ 1930ರ ದಶಕದ ಆರಂಭದಲ್ಲಿ, ಗಾಜಿಗೆ ಲೇಪನ ಇನ್ನೂ ಬಂದಿರದ ಕಾಲದಲ್ಲಿ, ಗಾಳಿಗೆ ತಾಗುವ ಮೇಲ್ಮೈಗಳು ಕಡಿಮೆಯಾಗಲೆಂದು ಗಾಜುಗಳನ್ನು ಒಂದಕ್ಕೊಂದು ಅಂಟಿಸಿ ಸೊನಾರನ್ನು ರೂಪಿಸಿದರು. ಆ ಪರಂಪರೆಯ ಈ ಲೆನ್ಸಿನಲ್ಲಿ ಸ್ವಲ್ಪ ಗೋಳೀಯ ವಿಪಥನ (ಲೆನ್ಸಿನ ಅಂಚಿನ ಮತ್ತು ನಡುವಿನ ಕಿರಣಗಳು ಒಂದೇ ಬಿಂದುವಿನಲ್ಲಿ ಕೂಡದಿರುವುದು) ಉಳಿದಿರುವುದರಿಂದ ಅಪರ್ಚರ್ ಕಿರಿದಾದಂತೆ ಫೋಕಸ್ ಕ್ಯಾಮೆರಾದಿಂದ ದೂರಕ್ಕೆ ಸರಿಯುತ್ತದೆ. ಎಂ6ನಂತಹ ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನಾವು ಲೆನ್ಸಿನ ಮೂಲಕ ನೋಡದೆ, ಬೇರೆ ಕಿಂಡಿಯಲ್ಲಿ ಕಾಣುವ ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಮಾಡುವುದರಿಂದ ಈ ಸರಿಯುವಿಕೆ ಕಣ್ಣಿಗೆ ಬೀಳುವುದೇ ಇಲ್ಲ. ಎರಡು ಬಿಂಬಗಳು ಕಣ್ಣೆದುರು ಒಂದಾಗಿದ್ದರೂ ಫಿಲ್ಮಿನ ಮೇಲೆ ಬೀಳುವುದು ಬೇರೆ.

ಅದೇ ಪರೀಕ್ಷೆಯಲ್ಲಿ ನೋಕ್ಟನ್ ನಾಲ್ಕೂ ಅಪರ್ಚರ್‌ಗಳಲ್ಲಿ ಲೂಪಿಗೆ ಕಾಣುವಷ್ಟು ಸರಿಯಲಿಲ್ಲ. ಸೊನಾರ್ 0.9 ಮೀಟರಿಗೆ ನಿಂತರೆ ಇದು 0.7 ಮೀಟರಿನವರೆಗೆ ಹತ್ತಿರ ಬರುತ್ತದೆ. ಇಕ್ಕಟ್ಟಾದ ಚೌಕಿಯಲ್ಲಿ ಆ 20 ಸೆಂಟಿಮೀಟರ್ ಬಹಳ ದೊಡ್ಡದು. ಕೆಲಸದ ಲೆನ್ಸ್ ಒಂದನ್ನೇ ಕೊಳ್ಳುವವರಿಗೆ ನಾನು ಹೇಳುವುದು ನೋಕ್ಟನ್ನನ್ನೇ.

ಆದರೂ ಸೊನಾರನ್ನು ಮಾರಲು ಮನಸ್ಸು ಬರಲಿಲ್ಲ. ಬಣ್ಣ ಬಳಿದ ಕೆನ್ನೆಯ ಮೇಲೆ ಬಲ್ಬಿನ ಹೊಳಪು ಅದರಲ್ಲಿ ಮೆತ್ತಗೆ ಹರಡಿಕೊಳ್ಳುವ ರೀತಿ ನೋಕ್ಟನ್ನಿನಲ್ಲಿ ನನಗೆ ಸಿಕ್ಕಿಲ್ಲ. ಎಫ್/1.5ರಲ್ಲಿ ಅದನ್ನು ಬಳಸುವಾಗ, ಕಣ್ಣಿನ ಬಿಂಬಗಳು ಕೂಡಿದ ಮೇಲೆ ಉಂಗುರವನ್ನು ಮುಟ್ಟದೆ, ಕ್ಯಾಮೆರಾ ಸಮೇತ ಎರಡು ಸೆಂಟಿಮೀಟರ್ ಮುಂದಕ್ಕೆ ಬಾಗಿ, ಉಸಿರು ಹಿಡಿದು ಶಟರ್ ಒತ್ತುತ್ತೇನೆ.